ಉಷ್ಣ ಬೇರೆ, ಉಷ್ಣತೆ ಬೇರೆ

(ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಿಂದ ವೈದ್ಯಕೀಯ, ನರ್ಸಿಂಗ್ ಹಾಗೂ ಅರೆವೈದ್ಯಕೀಯ ಕೋರ್ಸುಗಳಿಗೆ ಸೇರಿರುವ ವಿದ್ಯಾರ್ಥಿಗಳಿಗಾಗಿ ಸಂಘದ ಆಶ್ರಯದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನೀವೆಲ್ಲ ನೀಟ್ ಪರೀಕ್ಷೆಗಾಗಿ ಭೌತಶಾಸ್ತ್ರವನ್ನು ಬಾಯಿಪಾಠ ಮಾಡಿ, ಸೀಟು ಸಿಕ್ಕ ದಿನವೇ ಆ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದವರು. ಇನ್ನು ಮುಂದೆ ಅಂಗರಚನಾ ಶಾಸ್ತ್ರ, ಶರೀರಕ್ರಿಯಾ ಶಾಸ್ತ್ರ ಸಾಕು, ಈ ಉಷ್ಣದ ಪಾಠ ಯಾಕೆ ಎಂದು ಕೇಳುವವರಿದ್ದಾರೆ. ಅಟ್ಟದಿಂದ ಒಂದೇ ಒಂದು ಅಧ್ಯಾಯವನ್ನು ಇಳಿಸಿಕೊಳ್ಳಿ ಎಂದು ಕೇಳುವುದಕ್ಕಾಗಿ ನಾನು ಇಂದು ನಿಂತಿದ್ದೇನೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮದು ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸು ಆಡುತ್ತದೆ. ಇಂಥ ಊರಿನಲ್ಲಿ ಹುಟ್ಟಿ ವೈದ್ಯರಾಗುವವರಿಗೆ ಉಷ್ಣ ಯಾವುದು, ಉಷ್ಣತೆ ಯಾವುದು ಎಂದು ಗೊತ್ತಿಲ್ಲದಿದ್ದರೆ ಅದರ ಬೆಲೆ ತೆರುವವನು ರೋಗಿ.

ಮೊದಲ ತೊಡಕು ಭಾಷೆಯದು. ಕನ್ನಡ ಪಠ್ಯಪುಸ್ತಕದಲ್ಲಿ ಹೀಟ್ ಎಂದರೆ ಉಷ್ಣ, ಟೆಂಪರೇಚರ್ ಎಂದರೆ ಉಷ್ಣತೆ ಅಥವಾ ತಾಪ. ಒಂದು 'ತೆ' ಅಕ್ಷರದ ಅಂತರ. ಪರೀಕ್ಷೆಯಲ್ಲಿ ಅದು ಜಾರಿಹೋದರೆ ಅರ್ಧ ಅಂಕ ಹೋಗುತ್ತದೆ, ಅಷ್ಟೆ. ಮನೆಯಲ್ಲಿ ಅಜ್ಜಿ 'ಪರಂಗಿ ಹಣ್ಣು ಉಷ್ಣ' ಎನ್ನುತ್ತಾರೆ; ಕಣ್ಣು ಉರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ. ಉರ್ದು ಮಾತನಾಡುವ ನಮ್ಮ ಮನೆಗಳಲ್ಲಿ ಇದೇ ಮಾತು 'ಗರಮ್' ಎಂದಾಗುತ್ತದೆ. ಯುನಾನಿ ವೈದ್ಯದಲ್ಲಿ ಮಿಜಾಜ್ ಎನ್ನುವ ಲೆಕ್ಕವಿದೆ: ಬಿಸಿ, ತಂಪು, ಒದ್ದೆ, ಒಣ. ಇಬ್ನ್ ಸಿನಾ ಅವರ 'ಅಲ್ ಕಾನೂನ್' ಗ್ರಂಥದ ನಾಲ್ಕನೆಯ ಸಂಪುಟ ಆರಂಭವಾಗುವುದೇ ಜ್ವರಗಳ ವಿವರಣೆಯಿಂದ. ಆ ಲೆಕ್ಕ ಬೇರೆ, ಥರ್ಮಾಮೀಟರಿನ ಲೆಕ್ಕ ಬೇರೆ. ರೋಗಿ 'ಉಷ್ಣ ಆಗಿದೆ ಡಾಕ್ಟ್ರೇ' ಎಂದರೆ ನಗಬೇಡಿ. ಎಲ್ಲಿ ಉರಿ, ಯಾವಾಗಿನಿಂದ ಎಂದು ಕೇಳಿ. ಈ ವಿಷಯದಲ್ಲಿ ಉರ್ದು ನಮಗೆ ಒಂದು ಉಪಕಾರ ಮಾಡಿದೆ. ಅಲ್ಲಿ ಹೀಟ್‌ಗೆ 'ಹರಾರತ್', ಟೆಂಪರೇಚರ್‌ಗೆ 'ದರ್ಜಾ-ಎ-ಹರಾರತ್'. ಒಂದು ವಸ್ತು, ಇನ್ನೊಂದು ಅದರ ದರ್ಜೆ. ಇಷ್ಟು ಸ್ಪಷ್ಟವಾದ ಪದ ಇಂಗ್ಲಿಷಿನಲ್ಲೂ ಇಲ್ಲ.

ಇದನ್ನು ನಮ್ಮ ಜಿಲ್ಲೆಯ ನೀರಿನ ಭಾಷೆಯಲ್ಲಿ ಹೇಳುತ್ತೇನೆ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಮಾರಿಕಣಿವೆಯ ನೀರಿನ ಮಟ್ಟ ಇಂದು ಇಷ್ಟು ಅಡಿ ಎಂದು ಬರುತ್ತದೆ. ಪೂರ್ಣ ಮಟ್ಟ 130 ಅಡಿ. ಆಗ ಅದರೊಳಗಿರುವ ನೀರು ಸುಮಾರು 30 ಟಿಎಂಸಿ. ಅಡಿ ಎನ್ನುವುದು ಮಟ್ಟ, ಟಿಎಂಸಿ ಎನ್ನುವುದು ಮೊತ್ತ. ಉಷ್ಣತೆ ಅಡಿ ಇದ್ದಂತೆ, ಉಷ್ಣ ಟಿಎಂಸಿ ಇದ್ದಂತೆ. ಮೊಳಕಾಲ್ಮುರಿನ ರಂಗಯ್ಯನದುರ್ಗ ಜಲಾಶಯ ಕೋಡಿ ಬೀಳುವಷ್ಟು ನೀರನ್ನು ತಂದು ಮಾರಿಕಣಿವೆಗೆ ಸುರಿದರೆ ಅಲ್ಲಿ ಮಟ್ಟ ಏರಿದ್ದು ಕಣ್ಣಿಗೂ ಕಾಣುವುದಿಲ್ಲ. ನೀರು ಯಾವ ಕಡೆ ಹರಿಯಬೇಕು ಎಂಬುದನ್ನು ತೀರ್ಮಾನಿಸುವುದು ಮೊತ್ತವಲ್ಲ, ಮಟ್ಟ. ಉಷ್ಣವೂ ಹಾಗೆಯೇ: ಹೆಚ್ಚು ಉಷ್ಣತೆಯ ಕಡೆಯಿಂದ ಕಡಿಮೆ ಉಷ್ಣತೆಯ ಕಡೆಗೆ ಹರಿಯುತ್ತದೆ. ವೆಲ್ಡಿಂಗ್ ಅಂಗಡಿಯ ಕಿಡಿ ಸಾವಿರ ಡಿಗ್ರಿ ದಾಟಿರುತ್ತದೆ, ಕೈ ಮೇಲೆ ಬಿದ್ದರೆ ಚುರ್ರೆಂದು ಒಂದು ಚುಕ್ಕೆ ಮಾಡಿ ಆರಿಹೋಗುತ್ತದೆ. 70 ಡಿಗ್ರಿಯ ಒಂದು ಕೊಡ ನೀರು ಮೈಮೇಲೆ ಬಿದ್ದರೆ ಆಸ್ಪತ್ರೆಗೆ ಹೋಗಬೇಕು. ಕಿಡಿಯ ಮಟ್ಟ ಎತ್ತರ, ಮೊತ್ತ ಅತ್ಯಲ್ಪ.

ಈ ವ್ಯತ್ಯಾಸವನ್ನು ಜಗತ್ತಿಗೆ ಸ್ಪಷ್ಟ ಮಾಡಿದವರು ಒಬ್ಬ ವೈದ್ಯ. ಹೆಸರು ಜೋಸೆಫ್ ಬ್ಲ್ಯಾಕ್, ಸ್ಕಾಟ್‌ಲೆಂಡಿನವರು. ಎಂ.ಡಿ. ಪದವಿ ಪಡೆದು ಗ್ಲಾಸ್ಗೋದಲ್ಲಿ ವೈದ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ ಬೋಧಿಸುತ್ತಿದ್ದರು. 1760ರ ದಶಕದ ಆರಂಭದಲ್ಲಿ ಅವರು ಕರಗುತ್ತಿರುವ ಮಂಜುಗಡ್ಡೆಯನ್ನು ಗಮನಿಸಿದರು. ಉಷ್ಣ ಒಳಗೆ ಹೋಗುತ್ತಲೇ ಇದೆ, ಥರ್ಮಾಮೀಟರು ಮಾತ್ರ ಸೊನ್ನೆ ಡಿಗ್ರಿಯಿಂದ ಅಲುಗಾಡುತ್ತಿಲ್ಲ. ಕಾಣದಂತೆ ಅಡಗಿದ ಈ ಉಷ್ಣಕ್ಕೆ ಗುಪ್ತೋಷ್ಣ ಎಂದು ಹೆಸರಾಯಿತು. ಇನ್ನೊಬ್ಬರು ಜರ್ಮನಿಯ ರಾಬರ್ಟ್ ಮೇಯರ್, ಹಡಗಿನ ವೈದ್ಯ. 1840ರಲ್ಲಿ ಜಾವಾ ದ್ವೀಪದಲ್ಲಿ ನಾವಿಕರ ರಕ್ತ ತೆಗೆಯುವಾಗ ಅಭಿಧಮನಿಯ ರಕ್ತ ಎಂದಿಗಿಂತ ಕೆಂಪಾಗಿರುವುದನ್ನು ಕಂಡರು. ಬಿಸಿ ನಾಡಿನಲ್ಲಿ ದೇಹ ಮೈ ಬೆಚ್ಚಗಿಡಲು ಕಡಿಮೆ ಉರಿಸಿದರೆ ಸಾಕು, ಆದ್ದರಿಂದ ಆಮ್ಲಜನಕ ಉಳಿದಿದೆ ಎಂದು ತರ್ಕಿಸಿದರು. ಆ ದಾರಿ ಹಿಡಿದು ಶಕ್ತಿ ನಾಶವಾಗುವುದಿಲ್ಲ ಎಂಬ ನಿಯಮದವರೆಗೆ ಹೋಗಿ, 1842ರಲ್ಲಿ ಪ್ರಕಟಿಸಿದರು. ಉಷ್ಣಶಾಸ್ತ್ರ ಎಂಜಿನಿಯರುಗಳ ಸ್ವತ್ತಲ್ಲ. ಅರ್ಧ ಪಾಲು ನಿಮ್ಮದು.

ಈಗ ನಮ್ಮ ದೇಹದ ಲೆಕ್ಕಕ್ಕೆ ಬರೋಣ. ಪೆನ್ನು ತೆಗೆದುಕೊಳ್ಳಿ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಬೇಕು. ಮನುಷ್ಯನ ದೇಹಕ್ಕೆ ಇದಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 0.83. ಅಂದರೆ 60 ಕಿಲೋ ತೂಕದ ಒಬ್ಬನ ಮೈಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು 50 ಕಿಲೋಕ್ಯಾಲರಿ ಸಾಕು. ಅವನು ಸುಮ್ಮನೆ ಮಲಗಿದ್ದರೂ ಒಳಗಿನ ಒಲೆ ಗಂಟೆಗೆ ಸುಮಾರು 70 ಕಿಲೋಕ್ಯಾಲರಿ ಉಷ್ಣ ಹುಟ್ಟಿಸುತ್ತದೆ. ಅದು ಹೊರಗೆ ಹೋಗದಿದ್ದರೆ ಗಂಟೆಗೆ ಒಂದೂವರೆ ಡಿಗ್ರಿಯಂತೆ ಮೈ ಏರಬೇಕು. ಶೇಂಗಾ ಹೊಲದಲ್ಲೋ ರಸ್ತೆ ಕಾಮಗಾರಿಯಲ್ಲೋ ಜೋರಾಗಿ ಗುದ್ದಲಿ ಹಾಕುವವನಲ್ಲಿ ಈ ಉಷ್ಣ ಗಂಟೆಗೆ 300 ಕಿಲೋಕ್ಯಾಲರಿ ದಾಟುತ್ತದೆ. ಹೊರದಾರಿ ಮುಚ್ಚಿದರೆ ಒಂದು ಗಂಟೆಯೊಳಗೆ ಮೈ 43 ಡಿಗ್ರಿ. ಬದುಕುವುದು ಕಷ್ಟ. ಹಾಗಾಗಿ ದೇಹಕ್ಕೆ ಇರುವ ಚಿಂತೆ ಉಷ್ಣವನ್ನು ಹುಟ್ಟಿಸುವುದಲ್ಲ, ಹೊರಹಾಕುವುದು.

ಹೊರದಾರಿಗಳು ನಾಲ್ಕು. ವಹನ, ಸಂವಹನ, ವಿಕಿರಣ ಮೂರನ್ನೂ ನೀವು ಬಲ್ಲಿರಿ. ಸೆಖೆಯಲ್ಲಿ ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ 25 ಇದ್ದಾಗ ಈ ಮೂರೂ ದಾರಿಯಲ್ಲಿ ಉಷ್ಣ ಹೊರಗೆ ಹರಿಯುತ್ತದೆ. ಗಾಳಿ 40 ಆದಾಗ? ಮಟ್ಟ ಅತ್ತ ಎತ್ತರ, ಇತ್ತ ತಗ್ಗು. ಮೂರೂ ದಾರಿ ತಿರುಗಿ ಹರಿದು ಒಳಗೆ ಬರುತ್ತವೆ. ಮೊಳಕಾಲ್ಮುರಿನ ಕಲ್ಲುಗುಡ್ಡಗಳ ಬುಡದಲ್ಲಿರುವ ಮನೆಯವರಿಗೆ ಇದು ಚೆನ್ನಾಗಿ ಗೊತ್ತು: ಇಶಾ ನಮಾಜು ಮುಗಿದ ಮೇಲೂ ಬಂಡೆ ಮತ್ತು ಚಪ್ಪಡಿ ಚಾವಣಿ ಕಾವು ಬಿಡುತ್ತಲೇ ಇರುತ್ತವೆ. ಬಯಲಿನಲ್ಲಿ ನಿಂತವನಿಗೆ ಇದರ ಮೇಲೆ ನೇರ ಬಿಸಿಲು ಬೇರೆ. ಹವಾಮಾನ ಇಲಾಖೆ ಹೇಳುವ 40 ಡಿಗ್ರಿ ನೆರಳಿನಲ್ಲಿಟ್ಟ ಥರ್ಮಾಮೀಟರಿನದು. ಕೂಲಿಯವನು ನಿಂತಿರುವುದು ನೆರಳಿನಲ್ಲಲ್ಲ.

ಉಳಿಯುವುದು ನಾಲ್ಕನೆಯ ದಾರಿ, ಬೆವರಿನ ಬಾಷ್ಪೀಕರಣ. ಬ್ಲ್ಯಾಕ್ ಅವರ ಗುಪ್ತೋಷ್ಣ ಇಲ್ಲಿ ನಮ್ಮನ್ನು ಕಾಯುತ್ತದೆ. ಚರ್ಮದ ಮೇಲೆ ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಉಷ್ಣ ಬೇಕು. ಅದರಲ್ಲಿ ಬಹುಪಾಲನ್ನು ಅದು ಮೈಯಿಂದಲೇ ಎಳೆದುಕೊಳ್ಳುತ್ತದೆ. ಗಮನಿಸಿ, ಆವಿಯಾಗಲು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ತಂಪು ಇಲ್ಲ, ನಷ್ಟ ಮಾತ್ರ.

ಮಣ್ಣಿನ ಮಡಕೆ ನಮ್ಮೂರಿನಲ್ಲಿ ಚೆನ್ನಾಗಿ ನೀರು ತಣಿಸುತ್ತದೆ, ಮಂಗಳೂರಿನಲ್ಲಿ ಅಷ್ಟಾಗಿ ತಣಿಸುವುದಿಲ್ಲ. ಕಾರಣ ಒಂದೇ. 40 ಡಿಗ್ರಿ ಇದ್ದು ತೇವಾಂಶ ಶೇಕಡಾ 20 ಇರುವ ಗಾಳಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಸುಮಾರು 23ಕ್ಕೆ ಇಳಿಯುತ್ತದೆ. ಕರಾವಳಿಯಲ್ಲಿ 34 ಡಿಗ್ರಿ, ತೇವಾಂಶ 70 ಇದ್ದರೆ ಅದು 29ರಲ್ಲೇ ನಿಲ್ಲುತ್ತದೆ. ಪತ್ರಿಕೆಯಲ್ಲಿ ನಮ್ಮದು ದೊಡ್ಡ ಸಂಖ್ಯೆ, ಆದರೂ ಬೆವರಿಗೆ ಅನುಕೂಲ ನಮ್ಮ ಗಾಳಿಯಲ್ಲೇ ಹೆಚ್ಚು. 1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲ್ಯಾಗ್ಡನ್ ಎಂಬ ವೈದ್ಯರು ಗೆಳೆಯರೊಡನೆ ಕಾಯಿಸಿದ ಒಣ ಕೋಣೆಯೊಳಗೆ ಹೋಗಿ ನಿಲ್ಲುವ ಪ್ರಯೋಗ ಮಾಡಿದರು. ಕೊನೆಗೆ ಕೋಣೆಯ ಉಷ್ಣತೆಯನ್ನು 260 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರಿಸಿದರು. ನಮ್ಮ ಲೆಕ್ಕದಲ್ಲಿ 127 ಸೆಲ್ಸಿಯಸ್, ನೀರು ಕುದಿಯುವುದಕ್ಕಿಂತ ಹೆಚ್ಚು. ಒಳಗಿಟ್ಟ ಮೊಟ್ಟೆ ಬೆಂದು ಗಟ್ಟಿಯಾಯಿತು, ಮಾಂಸದ ತುಂಡು ಬೆಂದಿತು. ಮನುಷ್ಯರು ಕೆಲವು ನಿಮಿಷ ಇದ್ದು ನಡೆದುಕೊಂಡೇ ಹೊರಗೆ ಬಂದರು. ಮೊಟ್ಟೆ ಬೆವರುವುದಿಲ್ಲ!

ಒಣ ಗಾಳಿಯ ಉಪಕಾರಕ್ಕೆ ಒಂದು ಗುಟ್ಟಾದ ಬೆಲೆಯೂ ಇದೆ. ಇಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಹುಟ್ಟಿದ ಹಾಗೇ ಆರಿಹೋಗುತ್ತದೆ. 'ನನಗೆ ಬೆವರೇ ಬಂದಿಲ್ಲ ಸಾರ್' ಎನ್ನುವ ಕುರಿಗಾಹಿಯ ಅಂಗಿಯ ಬೆನ್ನಿನಲ್ಲಿ ಬಿಳಿ ಉಪ್ಪಿನ ಗೆರೆ ನೋಡಿ. ಲೀಟರುಗಟ್ಟಲೆ ನೀರು ಹೋಗಿರುತ್ತದೆ. ಬಾಯಾರಿಕೆ ಯಾವಾಗಲೂ ನಷ್ಟದ ಹಿಂದೆಯೇ ಬರುತ್ತದೆ. 2018ರಿಂದ 2021ರವರೆಗೆ ರಮಜಾನ್ ತಿಂಗಳು ನಮ್ಮ ಕಡು ಬೇಸಿಗೆಯಲ್ಲೇ ಬಂದದ್ದು ನಿಮಗೆ ನೆನಪಿರಬಹುದು. ಈಗ ಅದು ಚಳಿಗಾಲದ ಕಡೆ ಸರಿಯುತ್ತಿದೆ, ನಿಮ್ಮ ವೃತ್ತಿಜೀವನದ ನಡುವೆ ಮತ್ತೆ ಮೇ ತಿಂಗಳಿಗೆ ಬಂದೇ ಬರುತ್ತದೆ. ಕಾಯಿಲೆಯವರಿಗೆ, ಪ್ರಯಾಣಿಕರಿಗೆ ಉಪವಾಸವನ್ನು ಮುಂದಕ್ಕೆ ಹಾಕುವ ವಿನಾಯಿತಿಯನ್ನು ಕುರ್‌ಆನ್ ಕೊಟ್ಟಿದೆ. ಯಾರು ಕಾಯಿಲೆಯವರು ಎಂದು ಹೇಳಬೇಕಾದವರು ವೈದ್ಯರು. ಆಗ ಮೌಲವಿ ಸಾಹೇಬರು ಮತ್ತು ಡಾಕ್ಟರು ಒಂದೇ ಮಾತು ಆಡುವಂತಿರಬೇಕು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯ. ಥರ್ಮಾಮೀಟರು 104 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 40 ಸೆಲ್ಸಿಯಸ್ ತೋರಿಸುತ್ತಿದೆ. ಇದು ಜ್ವರವೋ, ಬಿಸಿಲಾಘಾತವೋ? ಸಂಖ್ಯೆ ಒಂದೇ, ರೋಗ ಒಂದಲ್ಲ.

ಮಿದುಳಿನ ಹೈಪೋಥಲಮಸ್ ಎಂಬ ಭಾಗ ದೇಹದ ಉಷ್ಣತೆಗೆ ಒಂದು ಗುರಿ ಇಟ್ಟಿರುತ್ತದೆ, ಸಾಮಾನ್ಯವಾಗಿ 37ರ ಹತ್ತಿರ. ಸೋಂಕು ತಗುಲಿದಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಮೂಲಕ ಆ ಗುರಿಯೇ ಮೇಲಕ್ಕೆ ಹೋಗುತ್ತದೆ, 39ಕ್ಕೋ 40ಕ್ಕೋ. ಮೈ ಇನ್ನೂ 37ರಲ್ಲಿದೆ, ಗುರಿ 40ರಲ್ಲಿದೆ. ಆದ್ದರಿಂದ ರೋಗಿಗೆ ಚಳಿ. ಅವನು ನಡುಗುತ್ತಾನೆ, ಚಳ್ಳಕೆರೆ ಕಂಬಳಿ ಕೇಳುತ್ತಾನೆ. ಪ್ಯಾರಾಸಿಟಮಾಲ್ ಮಾಡುವುದು ಆ ಗುರಿಯನ್ನು ಕೆಳಗಿಳಿಸುವ ಕೆಲಸ. ಗುರಿ ಇಳಿದಾಗ ರೋಗಿ ಬೆವರಿ ತಣ್ಣಗಾಗುತ್ತಾನೆ.

ಬಿಸಿಲಾಘಾತದಲ್ಲಿ ಗುರಿ 37ರಲ್ಲೇ ಇದೆ. ಅದು ಎಲ್ಲೂ ಹೋಗಿಲ್ಲ. ಒಳಬರುವ ಮತ್ತು ಒಳಗೆ ಹುಟ್ಟುವ ಉಷ್ಣದ ಮೊತ್ತ ಹೊರಹೋಗುವ ಮೊತ್ತವನ್ನು ಮೀರಿದೆ, ಅಷ್ಟೆ. ಇಳಿಸಲು ಗುರಿಯೇ ಇಲ್ಲದ ಮೇಲೆ ಪ್ಯಾರಾಸಿಟಮಾಲ್ ಯಾವುದನ್ನು ಇಳಿಸಬೇಕು? ಮೇಲಾಗಿ ಬಿಸಿಲಾಘಾತದಲ್ಲಿ ಯಕೃತ್ತಿಗೆ ಮೊದಲೇ ಪೆಟ್ಟು ಬಿದ್ದಿರುತ್ತದೆ. ಆ ಮಾತ್ರೆಯಿಂದ ಅದಕ್ಕೆ ಇನ್ನಷ್ಟು ಭಾರ. ಬಿಸಿಲಿನಿಂದ ಹೊತ್ತು ತಂದ ಕೂಲಿಯವನು ತೊದಲುತ್ತಿದ್ದರೆ, ಗುರುತು ಹಿಡಿಯದಿದ್ದರೆ, ಫಿಟ್ಸ್ ಬಂದರೆ, ಮೈ 40 ದಾಟಿದ್ದರೆ, ಮಲೇರಿಯಾ, ಟೈಫಾಯಿಡ್ ಪರೀಕ್ಷೆಗೆ ರಕ್ತ ತೆಗೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಅದರ ಫಲಿತಾಂಶಕ್ಕೆ ಕಾಯುತ್ತ ತಣಿಸುವುದನ್ನು ತಡ ಮಾಡಬೇಡಿ. 'ಮೈ ಒದ್ದೆಯಾಗಿದೆ, ಆದ್ದರಿಂದ ಬಿಸಿಲಾಘಾತ ಅಲ್ಲ' ಎಂಬ ಹಳೆಯ ಮಾತನ್ನೂ ನಂಬಬೇಡಿ. ದುಡಿಯುತ್ತಲೇ ಕುಸಿದವನು ಬೆವರುತ್ತಲೂ ಇರಬಹುದು.

ತಣಿಸುವುದು ಹೇಗೆ? ಮತ್ತೆ ಲೆಕ್ಕ ಮಾಡಿ. 60 ಕಿಲೋ ಮೈಯನ್ನು 3 ಡಿಗ್ರಿ ಇಳಿಸಬೇಕು: 150 ಕಿಲೋಕ್ಯಾಲರಿ. ಒಂದು ಕಿಲೋ ಮಂಜುಗಡ್ಡೆ ಕರಗಿದರೆ 80 ಕಿಲೋಕ್ಯಾಲರಿ ಹೀರುತ್ತದೆ, ಹಾಗಾಗಿ ಸುಮಾರು ಎರಡು ಕಿಲೋ ಬೇಕು. ಆವಿಯಾಗುವ ನೀರಾದರೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ದೊಡ್ಡ ಲೋಟ! ಫ್ರಿಜ್ಜು ಇಲ್ಲದ ಹಳ್ಳಿಯಲ್ಲೂ ಅಷ್ಟು ನೀರು ಇರುತ್ತದೆ. ವಾಸ್ತವದಲ್ಲಿ ಮೈ ಒಳಗಿನಿಂದ ಉಷ್ಣ ಹುಟ್ಟುತ್ತಲೇ ಇರುತ್ತದೆ, ನೀರು ಒಂದಷ್ಟು ಸೋರಿಹೋಗುತ್ತದೆ, ಆದ್ದರಿಂದ ಧಾರಾಳವಾಗಿ ಬಳಸಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಚಿಮುಕಿಸಿ, ಜೋರಾಗಿ ಗಾಳಿ ಹಾಕಿ, ಆರಿದ ಹಾಗೆ ಮತ್ತೆ ನೀರು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬಾರದು. ಆಸ್ಪತ್ರೆಯಲ್ಲಿ ತೊಟ್ಟಿಯೂ ಮಂಜುನೀರೂ ಇದ್ದರೆ, ದುಡಿಯುತ್ತ ಕುಸಿದ ಯುವಕನನ್ನು ಅದರಲ್ಲಿ ಕುತ್ತಿಗೆವರೆಗೆ ಮುಳುಗಿಸುವುದು ಇನ್ನೂ ಬೇಗ ಫಲ ಕೊಡುತ್ತದೆ. ಒಳಮೈ 39ಕ್ಕೆ ಬಂದಾಗ ನಿಲ್ಲಿಸಿ, ಇಲ್ಲವಾದರೆ ಅತಿಯಾಗಿ ಇಳಿದುಬಿಡುತ್ತದೆ. ಬರೀ ಫ್ಯಾನಿನ ಬಗ್ಗೆ ಒಂದು ಎಚ್ಚರಿಕೆ: ಗಾಳಿ 40 ಡಿಗ್ರಿ ದಾಟಿದ ಮೇಲೆ ಒಣ ಮೈಗೆ ಫ್ಯಾನ್ ಬೀಸುವುದೆಂದರೆ ಒಲೆಗೆ ತಿದಿ ಊದಿದಂತೆ. ನೀರಿನ ಜೊತೆಗೇ ಫ್ಯಾನು.

ಈ ವಿಧಾನದ ಒಂದು ಪ್ರಸಿದ್ಧ ರೂಪ ಬೆಳೆದದ್ದು ಮಕ್ಕಾ ಯಾತ್ರಿಕರ ಚಿಕಿತ್ಸೆಗಾಗಿ. ಮುಸ್ತಫಾ ಖೋಗಲಿ ಮತ್ತು ಜೋಸೆಫ್ ವೀನರ್ ಅವರು 1980ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದನ್ನು ವಿವರಿಸಿದರು. ರೋಗಿಯನ್ನು ಬಲೆಯಂಥ ಹಾಸಿಗೆಯ ಮೇಲೆ ಮಲಗಿಸಿ, 15 ಡಿಗ್ರಿಯ ನೀರನ್ನು ಮಂಜಿನಂತೆ ಸಿಂಪಡಿಸಿ, ಬೆಚ್ಚನೆಯ ಗಾಳಿ ಬೀಸುವುದು. ಬೆಚ್ಚನೆಯ ಗಾಳಿ ಏಕೆ ಎಂದು ಆಶ್ಚರ್ಯವಾಗುತ್ತದೆ. ಚರ್ಮ ತೀರಾ ತಣ್ಣಗಾದರೆ ಅಲ್ಲಿನ ರಕ್ತನಾಳಗಳು ಮುದುಡುತ್ತವೆ, ಒಳಗಿನ ಉಷ್ಣ ಚರ್ಮದವರೆಗೆ ಬರುವುದೇ ಕಡಿಮೆಯಾಗುತ್ತದೆ, ನಡುಕವೂ ಹುಟ್ಟಿ ಇನ್ನಷ್ಟು ಉಷ್ಣ ಸೇರುತ್ತದೆ. ಚರ್ಮ ಬೆಚ್ಚಗಿದ್ದರೆ ರಕ್ತ ಹರಿದು ಬರುತ್ತದೆ, ಆವಿ ಅದನ್ನು ತಣಿಸಿ ಕಳುಹಿಸುತ್ತದೆ. 2024ರ ಹಜ್‌ನಲ್ಲಿ ಮಕ್ಕಾದ ಉಷ್ಣತೆ 51 ಡಿಗ್ರಿ ದಾಟಿತು. ಸೌದಿ ಸರ್ಕಾರದ ಲೆಕ್ಕದಂತೆ 1301 ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಅನುಮತಿ ಪತ್ರವಿಲ್ಲದೆ, ನೆರಳು, ವಿಶ್ರಾಂತಿ ಇಲ್ಲದೆ ಬಿಸಿಲಿನಲ್ಲಿ ದೂರ ನಡೆದವರು. ನಮ್ಮ ತಾಲ್ಲೂಕುಗಳಿಂದ ಹೊರಡುವ ಹಿರಿಯರಿಗೆ ಒಂದು ಸ್ಪ್ರೇ ಬಾಟಲಿ, ಒಂದು ಛತ್ರಿ ಕೊಟ್ಟು, ಅದು ಏಕೆ ಎಂದು ಹೇಳಿ ಕಳುಹಿಸುವ ಕೆಲಸವನ್ನು ನಮ್ಮ ಸಂಘವೇ ಮಾಡಬಹುದು.

ಕಂಬಳಿಯ ಮಾತು ಬಂತು. ಕಂಬಳಿ ಬಿಸಿ ಎನ್ನುತ್ತೇವೆ. ಥರ್ಮಾಮೀಟರನ್ನು ಕಂಬಳಿಯಲ್ಲಿ ಸುತ್ತಿಟ್ಟು ನೋಡಿ, ಒಂದು ಗೆರೆಯೂ ಏರುವುದಿಲ್ಲ. ಕಂಬಳಿಗೆ ತನ್ನದೇ ಬಿಸಿ ಇಲ್ಲ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಉಷ್ಣವನ್ನು ಯಾವ ಕಡೆಗೂ ಬೇಗ ಬಿಡುವುದಿಲ್ಲ. ಕುರಿಗಾಹಿ ಅದನ್ನು ಬಿಸಿಲಿನಲ್ಲೂ ತಲೆಗೆ ಹಾಕಿಕೊಳ್ಳುವುದು ಇದೇ ಕಾರಣಕ್ಕೆ. 104 ಡಿಗ್ರಿ ಜ್ವರದ ಮಗುವನ್ನು ಎರಡು ಕಂಬಳಿಯಲ್ಲಿ ಸುತ್ತಿ ತರುವ ತಾಯಿಗೆ ಗದರಬೇಡಿ. ಚಳಿ ನಡುಕ ಇರುವವರೆಗೆ ಹೊದಿಕೆ ಇರಲಿ, ನಡುಕ ನಿಂತ ಮೇಲೆ ತೆಗೆಯಮ್ಮಾ ಎಂದು ಹೇಳಿ.

ಅದೇ ಬಾಷ್ಪೀಕರಣ ಹೆರಿಗೆ ಕೋಣೆಯಲ್ಲಿ ಶತ್ರು. ಮೂರು ಕಿಲೋ ಕೂಸು ಒದ್ದೆಯಾಗಿ ಹುಟ್ಟುತ್ತದೆ. ಅದರ ಮೈ ಒಂದು ಡಿಗ್ರಿ ಇಳಿಯಲು ಎರಡೂವರೆ ಕಿಲೋಕ್ಯಾಲರಿ ಸಾಕು. ಮೈಮೇಲಿನ 10 ಮಿಲಿಲೀಟರ್ ನೀರು, ಎರಡು ಟೀ ಚಮಚದಷ್ಟು, ಆವಿಯಾದರೆ ಹೆಚ್ಚುಕಡಿಮೆ ಆರು ಕಿಲೋಕ್ಯಾಲರಿ ಹೋಗುತ್ತದೆ. ಎರಡು ಡಿಗ್ರಿಗಿಂತ ಹೆಚ್ಚು ಇಳಿದಂತೆ. ದೊಡ್ಡವರ ಹಾಗೆ ಅದು ನಡುಗಿ ಉಷ್ಣ ಹುಟ್ಟಿಸಲಾರದು. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರವೂ ನಮಗಿಂತ ಬಹಳ ಹೆಚ್ಚು. ನಮ್ಮ ಒಣ ಗಾಳಿಯಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. 'ಬೇಸಿಗೆ ಕಣಮ್ಮಾ, ಮಗುವಿಗೆ ಯಾವ ಚಳಿ' ಎಂದು ಫ್ಯಾನಿನ ಕೆಳಗೆ ಒದ್ದೆ ಕೂಸನ್ನು ಮಲಗಿಸುವವರಿದ್ದಾರೆ. ಹುಟ್ಟಿದ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ತೆಗೆದು, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಮೇಲೆ ಹೊದಿಸಬೇಕು. ಸ್ನಾನ ಮರುದಿನ ಮಾಡಿಸಿದರಾಯಿತು. ಕಿವಿಯಲ್ಲಿ ಅಜಾನ್ ಹೇಳಲು ಕೂಸು ತಾಯಿಯ ಎದೆಯ ಮೇಲಿದ್ದರೂ ಅಡ್ಡಿಯಿಲ್ಲ.

ಸುಟ್ಟ ಗಾಯಗಳ ಬಗ್ಗೆ ಎರಡು ಮಾತು. ಮೊಳಕಾಲ್ಮುರಿನ ರೇಷ್ಮೆಗೂಡು ಬೇಯಿಸುವ ಬಾಣಲೆಯಾಗಲಿ, ಬಿರಿಯಾನಿ ದೇಗ್‌ಚಿಯಾಗಲಿ, ಕುದಿಯುವ ನೀರಿಗಿಂತ ಅದರ ಹಬೆ ಹೆಚ್ಚು ಸುಡುತ್ತದೆ. ಉಷ್ಣತೆ ಎರಡಕ್ಕೂ ಒಂದೇ. ಆದರೆ ಒಂದು ಗ್ರಾಮ್ ಹಬೆ ಚರ್ಮದ ಮೇಲೆ ನೀರಾಗುವಾಗಲೇ 540 ಕ್ಯಾಲರಿ ಬಿಟ್ಟುಕೊಡುತ್ತದೆ, ಆಮೇಲೆ ನೀರಿನ ಸರದಿ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಎಣ್ಣೆಯ ವಿಷಯ ಹೇಳದಿದ್ದರೆ ಹೇಗೆ? ಎಣ್ಣೆಯ ವಿಶಿಷ್ಟೋಷ್ಣ ನೀರಿನ ಅರ್ಧದಷ್ಟು. ಅದೇ ಉರಿಯಲ್ಲಿ ಎರಡರಷ್ಟು ಬೇಗ ಕಾಯುತ್ತದೆ, 100ಕ್ಕೆ ನಿಲ್ಲದೆ 180 ದಾಟುತ್ತದೆ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಯಾವುದರಿಂದ ಸುಟ್ಟರೂ 20 ನಿಮಿಷ ಹರಿಯುವ ತಣ್ಣೀರು. ಬೆಂಕಿ ದೂರವಾದ ಮೇಲೂ ಒಳಗೆ ಸೇರಿದ ಉಷ್ಣ ಆಳಕ್ಕೆ ಇಳಿಯುತ್ತಿರುತ್ತದೆ, ಅದನ್ನು ಹೊರಗೆಳೆಯಬೇಕು. ಟೂತ್‌ಪೇಸ್ಟು, ಶಾಯಿ, ಅರಿಶಿನ ಬೇಡ. ಇನ್ನು, ನಮ್ಮೂರುಗಳು ಸಮುದ್ರ ಮಟ್ಟದಿಂದ 600 ಮೀಟರ್ ಆಸುಪಾಸು ಎತ್ತರದಲ್ಲಿವೆ; ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಬಾಯಿ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಏರುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ಬೀಜಕಗಳು ಅದಕ್ಕೆ ಸಾಯುವುದಿಲ್ಲ, ಅದಕ್ಕೇ ಒತ್ತಡದಲ್ಲಿ 121 ಡಿಗ್ರಿ ಮುಟ್ಟುವ ಆಟೋಕ್ಲೇವ್.

ಕಡೆಯದಾಗಿ ಥರ್ಮಾಮೀಟರು. 1860ರ ದಶಕದವರೆಗೆ ಅದು ಒಂದು ಅಡಿ ಉದ್ದವಿತ್ತು, ಅಳತೆಗೆ 20 ನಿಮಿಷ ಬೇಕಿತ್ತು. ಇಂಗ್ಲೆಂಡಿನ ವೈದ್ಯ ಕ್ಲಿಫರ್ಡ್ ಆಲ್‌ಬಟ್ ಅದನ್ನು ಜೇಬಿಗೆ ಹಿಡಿಯುವ ಆರು ಇಂಚಿಗೆ ಇಳಿಸಿದರು. ಜರ್ಮನಿಯ ವುಂಡರ್‌ಲಿಶ್ 1868ರಲ್ಲಿ ಸಾವಿರಾರು ರೋಗಿಗಳ ಕಂಕುಳ ಉಷ್ಣತೆ ನೋಡಿ 37 ಎಂದು ಬರೆದರು. ಅದನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದಾಗ 98.6 ಬಂತು, ಆ ಆರು ದಶಾಂಶ ಬರೀ ಗುಣಾಕಾರದ ಫಲ, ದೇವರು ಗೆರೆ ಎಳೆದದ್ದಲ್ಲ. ಆರೋಗ್ಯವಂತನ ಮೈ ಬೆಳಗಿನ ಜಾವ ಕಡಿಮೆ, ಸಂಜೆ ಅರ್ಧ ಡಿಗ್ರಿಯಷ್ಟು ಹೆಚ್ಚು. ಕಂಕುಳಿನಲ್ಲಿ ಬಾಯಿಗಿಂತ ಕಡಿಮೆ, ಗುದದ್ವಾರದಲ್ಲಿ ಬಾಯಿಗಿಂತ ಹೆಚ್ಚು. ಬಿಸಿಲಾಘಾತದಲ್ಲಿ ನಂಬಬೇಕಾದ್ದು ಈ ಕೊನೆಯದನ್ನೇ. ಮೈಗೆ ನೀರು ಹಾಕಿ ಗಾಳಿ ಬೀಸಿದ ಮೇಲೆ ಕಂಕುಳಿನ ಥರ್ಮಾಮೀಟರು 37 ತೋರಿಸುತ್ತಿರಬಹುದು, ಒಳಗೆ ಇನ್ನೂ 40 ಇರಬಹುದು. ಕೇಸ್ ಶೀಟಿನಲ್ಲಿ ಸಂಖ್ಯೆಯ ಪಕ್ಕದಲ್ಲಿ ಎಲ್ಲಿ ಅಳೆದದ್ದು, ಎಷ್ಟು ಗಂಟೆಗೆ ಅಳೆದದ್ದು ಎಂದು ಬರೆಯಿರಿ.

ಮೇಜಿನ ಮೇಲೆ ಎರಡು ಥರ್ಮಾಮೀಟರು, ಒಂದು ತುಂಡು ಕಂಬಳಿ, ಒದ್ದೆ ಬಟ್ಟೆ, ಬೀಸಣಿಗೆ ಇಟ್ಟಿದ್ದೇನೆ. ಅಸರ್ ನಮಾಜು ಮುಗಿಸಿ ಬನ್ನಿ. ಒಂದನ್ನು ಕಂಬಳಿಯಲ್ಲಿ ಸುತ್ತೋಣ, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿ ಬೀಸೋಣ. ಎಷ್ಟು ಇಳಿಯುತ್ತದೆ ಎಂದು ನೀವೇ ಓದಿ ಹೇಳಿ.